ಹಳೆಯ ಸಿಗಾರಿಗೆ ನೂರಕ್ಕೆ ಎಷ್ಟು?

ಹವಾನಾ ಸಿಗಾರಿನ ಪೆಟ್ಟಿಗೆ ಕೈಗೆ ಬಂದರೆ ಬಲ್ಲವರು ಮೊದಲು ಅದನ್ನು ಮಗುಚಿ ತಳ ನೋಡುತ್ತಾರೆ. ಪೆಟ್ಟಿಗೆ ತುಂಬಿದ ತಿಂಗಳು, ವರ್ಷದ ಗುರುತು ಅಲ್ಲಿ ಒತ್ತಿರುತ್ತದೆ. ಇಪ್ಪತ್ತು ವರ್ಷ ಹಳೆಯದಾದರೆ ಬೆಲೆಯೂ ಏರುತ್ತದೆ, ರುಚಿ ನೋಡಲು ಕೂತವರ ನಿರೀಕ್ಷೆಯೂ ಏರುತ್ತದೆ. ಅವರು ಕೊಡುವ ಅಂಕದಲ್ಲಿ ಎಲೆಯ ಪಾಲೆಷ್ಟು, ತಳದ ಆ ಗುರುತಿನ ಪಾಲೆಷ್ಟು?

ಎಲೆಯಿಂದಲೇ ಶುರುಮಾಡೋಣ. ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೋ ಪ್ರಾಂತ್ಯದಲ್ಲಿ ಕೊಯ್ದ ಹೊಗೆಸೊಪ್ಪನ್ನು ಮರದ ಕೊಟ್ಟಿಗೆಗಳಲ್ಲಿ ತೂಗುಹಾಕಿ ವಾರಗಟ್ಟಲೆ ಗಾಳಿಗೆ ಒಣಗಿಸುತ್ತಾರೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ದಾರಿ ಬೇರೆ. ಅಲ್ಲಿ ಬ್ಯಾರನ್ ಎಂಬ ಒಣಗಿಸುವ ಕೋಣೆಯ ಕಾವಿನಲ್ಲಿ ಕೆಲವೇ ದಿನಗಳಲ್ಲಿ ಸೊಪ್ಪು ಒಣಗುವುದರಿಂದ ಅದರ ಸಕ್ಕರೆ ಉಳಿದುಕೊಳ್ಳುತ್ತದೆ, ಬಣ್ಣ ಹಳದಿಯಲ್ಲೇ ನಿಲ್ಲುತ್ತದೆ. ಅದು ಸಿಗರೇಟಿನ ಎಲೆ. ಗಾಳಿಯಲ್ಲಿ ನಿಧಾನವಾಗಿ ಸಾಯುವ ಎಲೆ ತನ್ನ ಸಕ್ಕರೆಯನ್ನು ಬಹುಪಾಲು ತಾನೇ ಖರ್ಚು ಮಾಡಿಕೊಂಡು ಕಂದಾಗುತ್ತದೆ. ಇದರ ಪರಿಣಾಮ ಹೊಗೆಯಲ್ಲೂ ಕಾಣುತ್ತದೆ: ಸಿಗರೇಟಿನ ಹೊಗೆ ಆಮ್ಲೀಯ, ಸಿಗಾರಿನದು ಕ್ಷಾರೀಯ.

ಒಣಗಿದ ಎಲೆಗೆ ತೇವ ಕೊಟ್ಟು ದೊಡ್ಡ ರಾಶಿ ಹಾಕುತ್ತಾರೆ. ತಿಪ್ಪೆಯೊಳಗೆ ಕೈ ಹಾಕಿದಾಗ ತಾಗುವಂಥದೇ ಬಿಸಿ ಈ ರಾಶಿಯೊಳಗೂ ಹುಟ್ಟುತ್ತದೆ. ಕಾವು ಮಿತಿಮೀರುವ ಮೊದಲು ರಾಶಿಯನ್ನು ಒಡೆದು, ಒಳಗಿನ ಎಲೆ ಹೊರಗೆ, ಹೊರಗಿನದು ಒಳಗೆ ಬರುವಂತೆ ಮತ್ತೆ ಕಟ್ಟಬೇಕು. ಸೂಕ್ಷ್ಮಜೀವಿಗಳೂ ಎಲೆಯೊಳಗಿನ ರಾಸಾಯನಿಕ ಕ್ರಿಯೆಗಳೂ ಪ್ರೋಟೀನನ್ನು ಮುರಿಯುತ್ತವೆ. ಅಮೋನಿಯಾ ಮೂಗಿಗೆ ಬಡಿಯುವಷ್ಟು ಹೊರಬೀಳುತ್ತದೆ, ನಿಕೋಟಿನ್ ಸ್ವಲ್ಪ ಇಳಿಯುತ್ತದೆ. ಕ್ಯಾರೆಟ್‌ಗೆ ಬಣ್ಣ ಕೊಡುವ ಕೆರೋಟಿನ್ ಜಾತಿಯ ಬಣ್ಣಗಳು ಒಡೆದು ಅಯೋನೋನ್, ಡಮಾಸ್ಕೆನೋನ್‌ನಂಥ ಪರಿಮಳದ ಅಣುಗಳಾಗುತ್ತವೆ. ಗುಲಾಬಿ ತೈಲದ ಘಮದಲ್ಲೂ ಡಮಾಸ್ಕೆನೋನ್‌ಗೆ ದೊಡ್ಡ ಪಾಲಿದೆ. ಸಿಗಾರಿನಲ್ಲಿ ಹೂವಿನ ಸುಳಿವು ಸಿಕ್ಕಿತು ಎನ್ನುವವರೆಲ್ಲ ಬುರುಡೆ ಬಿಡುತ್ತಿರುವುದಿಲ್ಲ.

ಸುತ್ತಿದ ಸಿಗಾರು ಪೆಟ್ಟಿಗೆಯೊಳಗೆ ಕಾಯುವಾಗಲೂ ಇದೇ ಕೆಲಸ ಬಹಳ ನಿಧಾನವಾಗಿ ಸಾಗುತ್ತದೆ. ಗಾಳಿಯ ತೇವಾಂಶ ಶೇಕಡಾ 65ರಿಂದ 70, ತಾಪ 18ರಿಂದ 21 ಡಿಗ್ರಿ ಸೆಲ್ಸಿಯಸ್: ಸಂಗ್ರಾಹಕರು ಕಾಪಾಡಿಕೊಳ್ಳುವ ಹದ ಸಾಮಾನ್ಯವಾಗಿ ಇದು. ತೇವ ಹೆಚ್ಚಿದರೆ ಬೂಷ್ಟು. ಸೆಕೆ ಹೆಚ್ಚಿದರೆ ತಂಬಾಕಿನ ಜೀರುಂಡೆಯ ಮೊಟ್ಟೆಯೊಡೆದು ಮರಿಹುಳು ಸಿಗಾರಿಗೆ ತೂತು ಕೊರೆಯುತ್ತದೆ. ಪೆಟ್ಟಿಗೆಯ ಮರಕ್ಕೆ ಸ್ಪ್ಯಾನಿಷ್ ಸೀಡರ್ ಎಂದು ಹೆಸರು, ಆದರೆ ಅದು ಸೀಡರೂ ಅಲ್ಲ, ಸ್ಪೇನಿನದೂ ಅಲ್ಲ. ಅಮೆರಿಕ ಖಂಡದ ಉಷ್ಣವಲಯದ ಮರ, ನಮ್ಮ ಬೇವಿನ ಕುಟುಂಬದ್ದು.

ಈ ಕಾಯುವಿಕೆಯಲ್ಲಿ ಮೊದಲು ಹೋಗುವುದು ಉಳಿದ ಅಮೋನಿಯಾ, ಅದರ ಜೊತೆಗೆ ಗಂಟಲು ಕೆರೆಯುವ ಒರಟುತನ. ಹಳೆಯ ಸಿಗಾರನ್ನು ಮೃದು, ದುಂಡು ಎಂದೆಲ್ಲ ವರ್ಣಿಸುವುದರ ಹಿಂದೆ ಹೊಸದಾಗಿ ಬಂದದ್ದಕ್ಕಿಂತ ಹೀಗೆ ಕಳೆದುಹೋದದ್ದೇ ಹೆಚ್ಚು ಎಂಬುದು ನನ್ನ ಎಣಿಕೆ. ಆದರೆ ಅಮೋನಿಯಾ ಹೋಗುವ ದಾರಿಯಲ್ಲೇ ಪರಿಮಳವೂ ಹೋಗುತ್ತದೆ. ಖಾರದ, ದಪ್ಪ ಎಲೆಯ ಸಿಗಾರು ದಶಕಗಳನ್ನು ತಾಳಬಹುದು. ತೆಳು ರುಚಿಯದು ಬೇಗನೆ ಸಪ್ಪೆಯಾಗುತ್ತದೆ. ಅದನ್ನೂ ‘ಸೌಮ್ಯ’ ಎಂದು ಹೊಗಳುವವರಿದ್ದಾರೆ, ಕೊಟ್ಟ ದುಡ್ಡು ಮಾತಾಡಿಸುತ್ತದೆ.

ಇಷ್ಟಾದರೂ ನಾಲಿಗೆಗೆ ಸಿಗುವುದು ಎಲೆಯಲ್ಲ, ಎಲೆಯ ಹೊಗೆ. ಕೆಂಡದ ಹಿಂದಿನ ಬಿಸಿಗೆ ಕೆಲವು ಅಣುಗಳು ಆವಿಯಾಗಿ ಹಾಗೇ ಬರುತ್ತವೆ, ಹೆಚ್ಚಿನವು ಮುರಿದು ಬೇರೆಯೇ ಆಗುತ್ತವೆ. ಹೊಗೆ ಹಾದುಹೋದ ಹಾಗೆಲ್ಲ ಅದರ ಜಿಡ್ಡು ಇನ್ನೂ ಉರಿಯದ ಭಾಗದಲ್ಲಿ ಕೂರುತ್ತದೆ. ಆದ್ದರಿಂದಲೇ ಕೊನೆಯ ಮೂರನೇ ಭಾಗ ಮೊದಲಿನದಕ್ಕಿಂತ ಕಟು. ನಿಮಿಷಕ್ಕೊಂದು ದಮ್ಮಿನ ಲೆಕ್ಕ ಮೀರಿ ಅವಸರಪಟ್ಟರೆ ಕೆಂಡ ಕಾದು ಎಲ್ಲವೂ ಕಹಿ. ರುಚಿ ನೋಡುವವರು ಹೊಗೆಯನ್ನು ಬಾಯಲ್ಲಿ ಹಿಡಿದು ಒಂದಿಷ್ಟನ್ನು ಮೂಗಿನಿಂದ ಬಿಡುವುದೂ ಕಾರಣವಿದ್ದೇ: ಚರ್ಮ, ಕೋಕೋ, ಮಣ್ಣು ಎಂದು ಬರೆದುಕೊಳ್ಳುವುದನ್ನೆಲ್ಲ ಗುರುತಿಸುವುದು ಮೂಗು.

ಇನ್ನು ಅಂಕ. 1992ರಲ್ಲಿ ಶುರುವಾದ ಅಮೆರಿಕದ ‘ಸಿಗಾರ್ ಅಫಿಶಿಯನಾಡೊ’ ಪತ್ರಿಕೆ ವೈನ್ ಲೋಕದ ನೂರರ ಅಳತೆಯನ್ನು ಸಿಗಾರಿಗೂ ತಂದಿತು. ಸಿಗಾರಿಗೆ ಸುತ್ತಿದ ಹೆಸರಿನ ಪಟ್ಟಿಯನ್ನು ಬಿಚ್ಚಿ ರುಚಿಗೆ ಕೊಡುವ ಅವರ ಪದ್ಧತಿ ಮೆಚ್ಚತಕ್ಕದ್ದೇ. ಹೆಸರೂ ಬಣ್ಣವೂ ರುಚಿಯನ್ನು ಎಷ್ಟು ಬಾಗಿಸುತ್ತವೆ ಎಂಬುದು ವೈನಿನಲ್ಲಿ ಸಾಬೀತಾಗಿದೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗವೊಂದರಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳು ಅದರಲ್ಲಿ ಕೆಂಪು ವೈನಿನ ವಾಸನೆಗಳನ್ನೇ ಗುರುತಿಸಿದರು. ಕ್ಯಾಲಿಫೋರ್ನಿಯಾದಲ್ಲಿ ವೈನ್ ತಯಾರಕ ರಾಬರ್ಟ್ ಹಾಡ್ಜ್‌ಸನ್ ಅಂಕ ಎಷ್ಟು ಸ್ಥಿರವೆಂದು ತಿಳಿಯಲು ಸ್ಪರ್ಧೆಯ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಗುಟ್ಟಾಗಿ ಮೂರು ಸಲ ಕೊಟ್ಟು ನೋಡಿದರು. ಹತ್ತರಲ್ಲಿ ಒಬ್ಬ ತೀರ್ಪುಗಾರನಷ್ಟೇ ತನ್ನ ಮಾತಿಗೆ ತಾನು ಹತ್ತಿರ ನಿಂತ.

ಸಿಗಾರಿನ ಪಾಡು ಇನ್ನೂ ಕಷ್ಟ. ಕೈಯಲ್ಲಿ ಸುತ್ತಿದ ಎರಡು ಸಿಗಾರು ಒಂದೇ ಆಗಿರುವುದಿಲ್ಲ, ಅಂಕ ಪಡೆದದ್ದು ಬೂದಿಯಾಗಿರುತ್ತದೆ. ಇಪ್ಪತ್ತು ವರ್ಷ ಹಿಂದೆ ಅದು ಹೇಗಿತ್ತೆಂದು ಪಕ್ಕದಲ್ಲಿಟ್ಟು ಹೋಲಿಸುವುದಂತೂ ಆಗದ ಮಾತು. 93 ಮತ್ತು 94ರ ನಡುವಿನ ಅಂತರದಲ್ಲಿ ನನಗೆ ನಂಬಿಕೆಯಿಲ್ಲ. ಮೊದಲ ಭಾಗ ಹೇಗಿತ್ತು, ಎಲ್ಲಿ ಕಹಿ ಹತ್ತಿತು, ಉರಿ ಸೊಟ್ಟಗಾಯಿತೇ ಎಂಬ ನಾಲ್ಕು ಸಾಲು ಸಿಕ್ಕರೆ ಅದೇ ಹೆಚ್ಚಿನ ಮಾಹಿತಿ.

ಅಂಕಪಟ್ಟಿಯಲ್ಲಿ ಜಾಗವೇ ಇಲ್ಲದ ವಿಷಯವೂ ಒಂದಿದೆ. ಎಲೆ ಒಣಗುವಾಗ, ರಾಶಿಯಲ್ಲಿ ಕಾವೇರುವಾಗ ಹುಟ್ಟುವ ಕ್ಯಾನ್ಸರ್‌ಕಾರಕ ನೈಟ್ರೋಸಮೀನ್‌ಗಳು ಅಮೋನಿಯಾದಂತೆ ಹಾರಿಹೋಗುವಂಥವಲ್ಲ. ಎಲೆ ಎಷ್ಟೇ ಹಳೆಯದಾದರೂ ಉರಿಯುವಾಗ ಟಾರು ಹುಟ್ಟಿಯೇ ಹುಟ್ಟುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಎದೆಗೆಳೆಯುವುದಿಲ್ಲ ಎಂಬ ಸಮಾಧಾನವೂ ನಿಲ್ಲದು: ಕ್ಷಾರೀಯ ಹೊಗೆಯಿಂದ ನಿಕೋಟಿನ್ ಬಾಯಿಯ ಒಳಪೊರೆಯಲ್ಲೇ ರಕ್ತಕ್ಕೆ ಇಳಿಯುತ್ತದೆ, ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಹೊಗೆ ಅಲ್ಲಿಯವರೆಗೆ ಬಂದರೆ ಸಾಕು.