ಕಾರ್ಖಾನೆಯೊಂದು, ವರ್ಗ ಯಾವುದು?

ಹೈದರಾಬಾದಿನ ರಾಮಚಂದ್ರಾಪುರದಲ್ಲಿರುವ ಬಿ.ಎಚ್.ಇ.ಎಲ್. ಕಾರ್ಖಾನೆಯಲ್ಲಿ ಟರ್ಬೈನುಗಳೂ ಜನರೇಟರುಗಳೂ ತಯಾರಾಗುತ್ತವೆ. 2008ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಟರ್ಬೈನು ಯಂತ್ರೋಪಕರಣಗಳ 28ನೆಯ ವಿಭಾಗಕ್ಕೂ, ಜನರೇಟರು ವಿದ್ಯುತ್ ಉಪಕರಣಗಳ 27ನೆಯ ವಿಭಾಗಕ್ಕೂ ಸೇರಿವೆ. ಹಾಗಾದರೆ ಇಂತಹ ಕಾರ್ಖಾನೆಯನ್ನು ಎಲ್ಲಿ ಎಣಿಸಬೇಕು? ವಾರ್ಷಿಕ ಕೈಗಾರಿಕಾ ಸಮೀಕ್ಷೆಯಲ್ಲಿ, ಯಾವ ಉತ್ಪನ್ನದ ಮೌಲ್ಯ ಅಧಿಕವೋ ಅದರ ವರ್ಗವನ್ನೇ ಇಡೀ ಕಾರ್ಖಾನೆಯ ವರ್ಗವೆಂದು ಪರಿಗಣಿಸಲಾಗುತ್ತದೆ. ಅಲ್ಲಿನ ಕಾರ್ಮಿಕರೆಲ್ಲರೂ ಅದೇ ಲೆಕ್ಕಕ್ಕೆ ಬರುತ್ತಾರೆ. ಆದುದರಿಂದ ನಮೂನೆಯಲ್ಲಿ ಮೌಲ್ಯವನ್ನು ಅಂದಾಜಿನಿಂದ ತುಂಬಿದರೆ ಕಾರ್ಮಿಕರು ಬೇರೊಂದು ಉದ್ಯಮದವರಾಗಿ ದಾಖಲಾಗಬಹುದು. ಮಾಸಿಕ ಕೈಗಾರಿಕಾ ಉತ್ಪಾದನಾ ಸೂಚ್ಯಂಕದ ರೀತಿ ಬೇರೆ. ಅದು ಕಾರ್ಖಾನೆಗಳನ್ನಲ್ಲ, ಸರಕುಗಳನ್ನು ಎಣಿಸುತ್ತದೆ.

ವರ್ಗೀಕರಣಕ್ಕೆ ಆಧಾರ ಕೆಲಸವೇ ಹೊರತು ಸ್ಥಳವಲ್ಲ. 1956ರಲ್ಲಿ ಹಟ್ಟಿಯ ಚಿನ್ನದ ಗಣಿ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಅದು ಗಣಿಗಾರಿಕೆಯಾಗಿಯೇ ಉಳಿಯಿತು.

ಲೆಕ್ಕ ಕೊಟ್ಟರೆ ತೆರಿಗೆಯವರಿಗೆ ತಿಳಿದೀತೆಂಬ ಅಳುಕು ಸಣ್ಣ ಮಾಲೀಕರಲ್ಲಿ ಇರುವುದು ಸಹಜ. ಆದರೆ 2008ರ ಅಂಕಿಅಂಶ ಸಂಗ್ರಹಣಾ ಅಧಿನಿಯಮದ ಪ್ರಕಾರ, ಅದರಡಿ ನೀಡಿದ ಮಾಹಿತಿಯನ್ನು ಅಂಕಿಅಂಶಗಳ ಉದ್ದೇಶಕ್ಕೆ ಬಳಸತಕ್ಕದ್ದು. ಪ್ರಕಟವಾಗುವುದು ಒಟ್ಟು ಮೊತ್ತಗಳು. ಕಾರ್ಖಾನೆಯ ಹೆಸರು ಅದರಲ್ಲಿ ಇರುವುದಿಲ್ಲ.