ವಿಮಾನಪ್ರವಾಸದ ಕೈಚೀಲದಲ್ಲಿ ಎಣ್ಣೆ-ಸಾಬೂನು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಕೆಲವು ವರ್ಷಗಳ ಹಿಂದೆ ಸೊಸೆಯ ಬಾಣಂತನಕ್ಕೆಂದು ಅಮೇರಿಕೆಗೆ ಹೊರಟಿದ್ದರು. ಕೂಸಿಗೆ ಹಚ್ಚಲು ಮನೆಯಲ್ಲಿಯೇ ಕಾಯಿಸಿದ ಅರ್ಧ ಲೀಟರು ಕೊಬ್ಬರಿ ಎಣ್ಣೆ ಅವರ ಬಳಿ ಇತ್ತು. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಸೀಸೆ ಒಡೆದೀತೆಂದು ಅಂಜಿ ಅದನ್ನು ಕೈಚೀಲದಲ್ಲಿ ಇಟ್ಟುಕೊಂಡರು. ಮಹಾನಗರವೊಂದರ ವಿಮಾನನಿಲ್ದಾಣದ ತಪಾಸಣೆಯಲ್ಲಿ ಸೀಸೆಯನ್ನು ತೆಗೆದಿರಿಸಲಾಯಿತು. ಅವಸರದ ಇಂಗ್ಲಿಷಿನಲ್ಲಿ ಹೇಳಿದ ಕಾರಣ ಅವರಿಗೆ ತಿಳಿಯಲಿಲ್ಲ. ತಿರುಗಿ ಬಂದ ಮೇಲೆ, "ಗುರುಗಳ, ಕೂಸಿನ ಎಣ್ಣಿ ಕಸದ ಡಬ್ಬಿಗೆ ಹಾಕಿದ್ರು. ನಾ ಏನ್ ಕಳ್ಳಿ ಏನ್ರಿ?" ಎಂದು ನಮ್ಮೆದುರು ಕಣ್ಣೀರು ತಂದರು. ಅವರ ಪ್ರಶ್ನೆಗೆ ಆಗ ನಮ್ಮಿಂದ ಸರಿಯಾದ ಉತ್ತರ ಬರಲಿಲ್ಲ. ಅನಂತರ ಓದಿ ಕೇಳಿ ತಿಳಿದುದನ್ನು ಪಾಲಕರ ಹಾಗೂ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇವೆ.

ವಿಮಾನಪ್ರವಾಸವೆಂಬುದು ನಮ್ಮ ಭಾಗದವರಿಗೆ ಇನ್ನು ದೂರದ ಮಾತಲ್ಲ. 2019ರ ನವೆಂಬರಿನಲ್ಲಿ ಕಲಬುರ್ಗಿಯ ವಿಮಾನನಿಲ್ದಾಣ ತೆರೆಯಿತು. 2025ರ ಜೂನ್ ತಿಂಗಳಲ್ಲಿ ಸೊಲ್ಲಾಪುರದ ಹೊಟಗಿ ರಸ್ತೆಯ ನಿಲ್ದಾಣದಿಂದ ಗೋವೆಗೆ ವಿಮಾನ ಹಾರಿತು. ಮಕ್ಕಳು ಪರದೇಶದಲ್ಲಿ ನೌಕರಿ ಹಿಡಿದ ಮನೆಗಳು ಅಕ್ಕಲಕೋಟೆಯಲ್ಲಿಯೂ ಉಂಟು.

ಎಣ್ಣೆಯ ಸೀಸೆಯ ಮೇಲೆ ಇಷ್ಟು ಸಂಶಯವೇಕೆ? 1994ರ ಡಿಸೆಂಬರ್ 11ರಂದು ಫಿಲಿಪ್ಪೀನ್ಸಿನಿಂದ ಟೋಕಿಯೋಕ್ಕೆ ಹೊರಟ ವಿಮಾನದಲ್ಲಿ ಬಾಂಬು ಸಿಡಿದು ಒಬ್ಬ ಪ್ರಯಾಣಿಕ ಸತ್ತನು. ದುಷ್ಕರ್ಮಿಯು ಸ್ಫೋಟಕ ದ್ರವವನ್ನು ಕಣ್ಣಿಗೆ ಧರಿಸುವ ಮಸೂರಗಳನ್ನು ತೊಳೆಯುವ ನೀರಿನ ಸೀಸೆಯಲ್ಲಿ ತಂದಿದ್ದನು. ಮುಂದೆ 2006ರ ಆಗಸ್ಟ್ 10ರಂದು ಲಂಡನ್ನಿನ ಪೊಲೀಸರು ಇನ್ನೂ ಭೀಕರವಾದ ಸಂಚೊಂದನ್ನು ಬಯಲಿಗೆಳೆದರು. ತಂಪುಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ತುಂಬಿ, ಅಟ್ಲಾಂಟಿಕ್ ಸಾಗರ ದಾಟುವ ಹಲವು ವಿಮಾನಗಳನ್ನು ಒಮ್ಮೆಗೇ ಉಡಾಯಿಸುವ ಹವಣಿಕೆ ಅದಾಗಿತ್ತು. ಸಾಮಾನ್ಯ ಕ್ಷ-ಕಿರಣ ಯಂತ್ರವು ವಸ್ತುವಿನ ಆಕಾರವನ್ನೂ ಸಾಂದ್ರತೆಯನ್ನೂ ತೋರಿಸುತ್ತದೆ. ಆದರೆ ನೀರು, ಶರಬತ್ತು ಹಾಗೂ ಇಂಥ ದ್ರವಗಳ ಸಾಂದ್ರತೆಯಲ್ಲಿ ಹೆಚ್ಚಿನ ಅಂತರವಿಲ್ಲವಾದ್ದರಿಂದ ಅದು ಕಳ್ಳನನ್ನೂ ಸಾಧುವನ್ನೂ ಬೇರ್ಪಡಿಸಲಾರದು. ಆದುದರಿಂದಲೇ ದ್ರವದ ಗುಣವನ್ನು ಬಿಟ್ಟು ಪ್ರಮಾಣವನ್ನೇ ಕಟ್ಟಿಹಾಕಿದರು. ಆ ತಾಯಿಯನ್ನು ಯಾರೂ ಕಳ್ಳಿಯೆಂದು ತಿಳಿದಿರಲಿಲ್ಲ. ಆದರೂ ಈ ಮಾತನ್ನು ಅವರಿಗೆ ತಿಳಿಯುವ ನುಡಿಯಲ್ಲಿ ಒಬ್ಬರಾದರೂ ಹೇಳಬಹುದಾಗಿತ್ತೆಂದು ನಮಗೆ ಈಗಲೂ ಅನಿಸುತ್ತದೆ.

ಪರದೇಶ ಪ್ರಯಾಣದ ನಿಯಮ ಹೀಗಿದೆ: ಕೈಚೀಲದಲ್ಲಿಯ ದ್ರವದ ಪ್ರತಿಯೊಂದು ಪಾತ್ರೆಯೂ 100 ಮಿಲಿಲೀಟರಿಗೆ ಮೀರಿರಬಾರದು. ಅವೆಲ್ಲವೂ ಒಂದು ಲೀಟರು ಹಿಡಿಯುವ, ಬಾಯಿ ಮುಚ್ಚಬಲ್ಲ, ಒಂದೇ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಇಲ್ಲಿ ನೋಡುವುದು ಪಾತ್ರೆಯ ಅಳತೆಯನ್ನೇ ಹೊರತು ಒಳಗೆ ಉಳಿದಿರುವುದನ್ನಲ್ಲ. 200 ಮಿಲಿಲೀಟರಿನ ಸೀಸೆಯ ತಳದಲ್ಲಿ ನಾಲ್ಕು ಚಮಚೆ ಎಣ್ಣೆ ಇದ್ದರೂ ಅದು ಸಲ್ಲದು. ಜಾಣರೂ ಇಲ್ಲಿ ಎಡವುತ್ತಾರೆ. ಅಳತೆ ಅಚ್ಚಾಗಿರುವ ಸಣ್ಣ ಸೀಸೆಗಳನ್ನೇ ಕೊಳ್ಳುವುದು ಲೇಸು.

ದ್ರವವೆಂದರೆ ಬರಿಯ ನೀರು-ಎಣ್ಣೆಗಳಷ್ಟೇ ಅಲ್ಲ. ಬಗ್ಗಿಸಿದರೆ ಹರಿಯುವುದು, ಹಿಂಡಿದರೆ ಹೊರಬರುವುದು, ಬಳಿದರೆ ಹರಡುವುದು ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತದೆ. ಟೂತ್‌ಪೇಸ್ಟು, ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು, ದಾಡಿಯ ನೊರೆ, ಅತ್ತರು, ಕಣ್ಣಿಗಿಡುವ ಮೆತ್ತನೆಯ ಕಾಡಿಗೆ ಇವೆಲ್ಲ ಚೀಲದೊಳಗೆ ಹೋಗಬೇಕು. ಗಟ್ಟಿಯಾದ ಸಾಬೂನಿಗೆ ಈ ಕಟ್ಟಳೆಯಿಲ್ಲ. ಮೈಸೂರು ಸ್ಯಾಂಡಲ್ ಸಾಬೂನಿನ ಬಿಲ್ಲೆ ನಿರ್ಭಯವಾಗಿ ಕೈಚೀಲದಲ್ಲಿ ಹೋಗಬಹುದು. ನೋಡಿದರೆ ನಮ್ಮ ಹಿರಿಯರ ಸ್ನಾನಸಾಮಗ್ರಿಯೇ ವಿಮಾನಕ್ಕೆ ಅನುಕೂಲವಾದುದು: ಸೀಗೆಕಾಯಿ ಪುಡಿ, ಕಡಲೆಹಿಟ್ಟು, ಹಲ್ಲುಪುಡಿ! ಆದರೆ ಅಮೇರಿಕೆಗೆ ಹೋಗುವವರು ಪುಡಿಯ ವಿಷಯದಲ್ಲಿಯೂ ಎಚ್ಚರದಿಂದಿರಬೇಕು. 2018ರ ಜೂನ್ 30ರಿಂದ 350 ಮಿಲಿಲೀಟರಿಗೆ ಮೀರಿದ ಪುಡಿಯನ್ನು ಬೇರೆಯಾಗಿ ತಪಾಸಣೆ ಮಾಡುತ್ತಾರೆ. ನಮ್ಮ ಶೇಂಗಾ ಚಟ್ನಿಯ ದೊಡ್ಡ ಡಬ್ಬಿಯ ಸ್ಥಳ ಪೆಟ್ಟಿಗೆಯೇ. ಕತ್ತರಿ ಹಾಗೂ ದಾಡಿಯ ಬಿಡಿ ಬ್ಲೇಡುಗಳೂ ಅಲ್ಲಿಯೇ ಇರಲಿ. ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತುವಾದುದರಿಂದ, ಗುಡಿಯಿಂದ ತಂದದ್ದಾದರೂ, ಮನೆಯಲ್ಲಿಯೇ ಬಿಡತಕ್ಕದ್ದು.

ಔಷಧಿಗೂ ಕೂಸಿನ ಹಾಲಿಗೂ ಪ್ರವಾಸಕ್ಕೆ ಬೇಕಾದಷ್ಟು ಒಯ್ಯಲು ವಿನಾಯಿತಿ ಉಂಟು. ವೈದ್ಯರ ಚೀಟಿ ಜೊತೆಗಿರಲಿ, ಕೇಳುವ ಮೊದಲೇ ತೆಗೆದು ತೋರಿಸಿರಿ. ಇನ್‌ಸುಲಿನ್ ತೆಗೆದುಕೊಳ್ಳುವ ಹಿರಿಯರು ಅದನ್ನು ಪೆಟ್ಟಿಗೆಯಲ್ಲಿ ಹಾಕಲೇಬಾರದು. ಪೆಟ್ಟಿಗೆ ತಪ್ಪಿಹೋಗಬಹುದು, ಅದರ ವಿಭಾಗದ ಚಳಿಯಿಂದ ಔಷಧಿಯೂ ಕೆಟ್ಟೀತು.

ದೇಶದೊಳಗಿನ ಪ್ರಯಾಣದಲ್ಲಿ ಈ ಅಳತೆಯ ಕಟ್ಟುನಿಟ್ಟು ಕಡಿಮೆ. ಆದರೂ ತಪಾಸಣಾಧಿಕಾರಿಯ ಮಾತೇ ಕೊನೆಯದು. ಪರದೇಶದ ಕೆಲವು ನಿಲ್ದಾಣಗಳಲ್ಲಿ ಹೊಸ ಯಂತ್ರಗಳು ಬಂದು ನಿಯಮ ಸಡಿಲವಾಗಿದೆ. ಅದನ್ನೇ ನಂಬಿದರೆ ವಿಮಾನ ಬದಲಿಸುವ ನಡುವಣ ಊರಿನಲ್ಲಿ ಸಿಕ್ಕಿಬೀಳುವ ಸಂಭವವಿದೆ.

ಇನ್ನು ಸೋರುವ ಪ್ರಶ್ನೆ. ಇದರಲ್ಲಿ ವಿದ್ಯಾರ್ಥಿಗಳಿಗೆ ಪಾಠವೊಂದಿದೆ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡವು 1,800ರಿಂದ 2,400 ಮೀಟರು ಎತ್ತರದ ಬೆಟ್ಟದ ಮೇಲಿನಷ್ಟು, ಅಂದರೆ ಸಮುದ್ರಮಟ್ಟದ ಸುಮಾರು ಮುಕ್ಕಾಲು ಪಾಲಿನಷ್ಟು ಇರುತ್ತದೆ. ಬಾಯ್ಲನ ನಿಯಮದಂತೆ ಒತ್ತಡ ತಗ್ಗಿದೊಡನೆ ಸೀಸೆಯೊಳಗೆ ಸಿಕ್ಕ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರಗೆ ನೂಕುತ್ತದೆ. ಮೆತ್ತನೆಯ ಸೀಸೆಯನ್ನು ಮೆಲ್ಲಗೆ ಒತ್ತಿ, ಗಾಳಿಯನ್ನು ಹೊರಹಾಕಿ, ಬಾಯಿಗೊಂದು ಪ್ಲಾಸ್ಟಿಕ್ ಹಾಳೆಯ ತುಂಡನ್ನಿಟ್ಟು ಮುಚ್ಚಳ ತಿರುವಿದರೆ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಪಾರದರ್ಶಕ ಚೀಲವು ಕೈಚೀಲದಲ್ಲಿ ಎಲ್ಲಕ್ಕೂ ಮೇಲೆ ಇರಲಿ. ಸಾಲಿನಲ್ಲಿ ನಿಂತು ಸೀರೆ-ಧೋತರಗಳನ್ನೆಲ್ಲ ಹೊರಗೆಳೆಯುವ ಪಾಡು ಯಾರಿಗೂ ಬೇಡ.

ಆ ತಾಯಿ ಎರಡನೆಯ ಮೊಮ್ಮಗನ ಬಾಣಂತನಕ್ಕೆ ಹೊರಡುವ ಮುನ್ನಾದಿನ ನಾವು ಅವರ ಮನೆಗೆ ಹೋಗಿದ್ದೆವು. ಅರ್ಧ ಲೀಟರು ಎಣ್ಣೆಯನ್ನು ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಎರಡು ಚೀಲಗಳಲ್ಲಿ ಕಟ್ಟಿ, ಹಳೆಯ ಕೌದಿಯಲ್ಲಿ ಸುತ್ತಿ ಪೆಟ್ಟಿಗೆಯ ನಡುವೆ ಇಟ್ಟರು. ಪೆಟ್ಟಿಗೆ ತಡವಾಗಿ ಬಂದರೂ ಮೊದಲ ಸ್ನಾನ ತಪ್ಪಬಾರದೆಂದು 100 ಮಿಲಿಲೀಟರಿನ ಸೀಸೆಯೊಂದನ್ನು ಕೈಚೀಲಕ್ಕೆ ಹಾಕಿಕೊಂಡರು. ಎಂಟು ದಿನಗಳ ಮೇಲೆ ಅವರ ಮಗ ಫೋನು ಮಾಡಿ, ಎರಡೂ ಸುರಕ್ಷಿತವಾಗಿ ತಲುಪಿದುವೆಂದು ತಿಳಿಸಿದನು.