ಕಲಬುರಗಿ ಸೀಮೆಯ ತತ್ವಪದ ಭಜನೆ

ಕಲಬುರಗಿ ಸೀಮೆಯ ತತ್ವಪದ ಭಜನೆಯು ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳಲ್ಲಿಯೂ ಸುತ್ತಲಿನ ಭೀಮಾ ತೀರದ ಹಳ್ಳಿಗಳಲ್ಲಿಯೂ ಬಳಕೆಯಲ್ಲಿರುವ ಸಾಮೂಹಿಕ ಜನಪದ ಗಾಯನ ಪ್ರಕಾರ. ಶರಣ, ಆರೂಢ, ಅವಧೂತ ಮತ್ತು ಸೂಫಿ ಮಾರ್ಗಗಳ ಅನುಭಾವಿಗಳು ರಚಿಸಿದ ಪದಗಳನ್ನು ಭಜನಾ ಮೇಳದವರು ಮಠ, ಗುಡಿ ಮತ್ತು ದರ್ಗಾಗಳ ಅಂಗಳದಲ್ಲಿ ಅನೇಕ ವೇಳೆ ರಾತ್ರಿಯಿಡೀ ಹಾಡುತ್ತಾರೆ.

ಹಿನ್ನೆಲೆ

ಈ ಪರಂಪರೆಯ ಪ್ರಮುಖ ಕವಿ ಕಡಕೋಳ ಮಡಿವಾಳಪ್ಪ. ಇವರ ಕಾಲ 18ನೆಯ ಶತಮಾನದ ಕೊನೆ ಹಾಗೂ 19ನೆಯ ಶತಮಾನ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಜನಿಸಿದ ಇವರು ಕಡಕೋಳದಲ್ಲಿ ನೆಲೆಸಿದರು. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದ ಆ ಗ್ರಾಮವು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಗುರು ಮಹಾಂತನ ಹೆಸರೇ ಇವರ ಅಂಕಿತ. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಕಡ್ಲೇವಾಡ ಸಿದ್ಧಪ್ಪ ಮೊದಲಾದವರು ಇವರ ಶಿಷ್ಯವರ್ಗದವರು. ಜಾತಿ ಮತಗಳ ಎಲ್ಲೆಯನ್ನು ಪದದಲ್ಲಿ ಪ್ರಶ್ನಿಸಿದವರು ಶಿಷ್ಯರನ್ನು ಸ್ವೀಕರಿಸುವಾಗಲೂ ಆ ಎಲ್ಲೆಯನ್ನು ಲೆಕ್ಕಿಸಲಿಲ್ಲವೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

1948ರವರೆಗೆ ಈ ಪ್ರದೇಶವು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದಲ್ಲಿಯೂ ಶಿಕ್ಷಣದಲ್ಲಿಯೂ ಉರ್ದು ಪ್ರಧಾನವಾಗಿದ್ದ ಆ ಕಾಲದಲ್ಲಿ, ಅಕ್ಷರ ಬಾರದವರಿಗೂ ಕನ್ನಡದ ತಾತ್ವಿಕ ಪರಿಭಾಷೆಯನ್ನು ಬಾಯಿಪಾಠವಾಗಿಸಿದ್ದು ಭಜನೆ. ಮಹಾರಾಷ್ಟ್ರದ ಗಡಿಗೆ ಹೊಂದಿರುವ ಆಳಂದದ ಕಡೆ ತತ್ವಪದದೊಡನೆ ಮರಾಠಿ ಅಭಂಗಗಳೂ ಕೇಳಿಬರುತ್ತವೆ.

ಹಾಡುಗಾರಿಕೆ

ಏಕತಾರಿ, ದಮ್ಮಡಿ, ತಾಳ ಮತ್ತು ಚಿಟಿಕೆ ಹಳೆಯ ವಾದ್ಯಗಳು. ಹಾರ್ಮೋನಿಯಂ ಹಾಗೂ ತಬಲಾ ಅನಂತರ ಸೇರಿದವು. ಮುಂದಾಳು ಪಲ್ಲವಿಯನ್ನೆತ್ತಿಕೊಂಡರೆ ಹಿಮ್ಮೇಳದವರು ಅದನ್ನೇ ಮರುಹಾಡುತ್ತಾರೆ. ನುಡಿಯಿಂದ ನುಡಿಗೆ ಲಯವು ಏರುತ್ತದೆ. ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಬೆಡಗಿನ ಪದವಾದರೆ ಹಾಡನ್ನು ನಡುವೆ ನಿಲ್ಲಿಸಿ ಅರ್ಥ ಬಿಡಿಸುವುದುಂಟು. ಒಬ್ಬರು ಒಗಟಿನಂತಹ ಪದ ಹಾಡಿದರೆ ಇನ್ನೊಬ್ಬರು ಅದಕ್ಕೆ ಹೊಂದುವ ಪದದಿಂದಲೇ ಉತ್ತರಿಸುತ್ತಾರೆ. ಆದುದರಿಂದ ಒಂದೇ ಪದವು ಒಂದೊಂದು ರಾತ್ರಿ ಒಂದೊಂದು ಉದ್ದದ್ದು.

ಧ್ವನಿಮುದ್ರಣ ಮತ್ತು ಪ್ರಭಾವ

ಈ ಗುಣವೇ ಧ್ವನಿಮುದ್ರಣಕ್ಕೆ ತೊಡಕು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ 30 ನಿಮಿಷ. ಸ್ಟುಡಿಯೋದಲ್ಲಿ ಅಳತೆಗೆ ತಕ್ಕಂತೆ ಹಾಡಿಸಿದಾಗ ಪದ ಉಳಿದರೂ ಅರ್ಥ ಬಿಡಿಸುವ ಮಾತು, ಸವಾಲು ಮತ್ತು ಕೇಳುಗರ ದನಿ ಬಿಟ್ಟುಹೋಗುತ್ತವೆ. ಸ್ಥಳದಲ್ಲಿಯೇ ಮಾಡಿದ ನೇರ ಮುದ್ರಣದಲ್ಲಿ ಗದ್ದಲವಿದ್ದರೂ ಇವು ಉಳಿಯುತ್ತವೆ. ಅಧ್ಯಯನಕ್ಕೆ ಅಂತಹ ಮುದ್ರಣವೇ ಹೆಚ್ಚು ಬೆಲೆಯುಳ್ಳದ್ದು. 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿಯು ಈ ಭಾಗದ ಜನಪದ ಗಾಯಕರಿಗೆ ಊರಾಚೆಯ ಕೇಳುಗರನ್ನು ಒದಗಿಸಿತು.

ಹೋಲಿಕೆಗೆ ಧಾರವಾಡ ಸೀಮೆಯ ಶಿಶುನಾಳ ಶರೀಫರ ಪದಗಳನ್ನು ನೋಡಬಹುದು. ಸಿ. ಅಶ್ವಥ್ ಅವರ ಗಾಯನ ಮತ್ತು 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದ ಮೂಲಕ ಅವು ನಾಡಿನಾದ್ಯಂತ ಮನೆಮಾತಾದವು. ಅದರೊಡನೆ ವೇದಿಕೆಯ ಧಾಟಿಯೇ ಮೂಲ ಧಾಟಿಯೆಂಬ ಭಾವನೆಯೂ ಹರಡಿತು. ಮಡಿವಾಳಪ್ಪನವರ ಪದಗಳಿಗೆ ಅಷ್ಟು ದೊಡ್ಡ ಪ್ರಚಾರ ದೊರೆಯಲಿಲ್ಲ. ಅದು ನಷ್ಟವೇ ಸರಿ. ಆದರೆ ಅವುಗಳ ಧಾಟಿಗಳು ಮೇಳದಿಂದ ಮೇಳಕ್ಕೆ ಭಿನ್ನವಾಗಿ ಉಳಿಯಲು ಅದೂ ಒಂದು ಕಾರಣ.

ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ಸಮಗ್ರ ತತ್ವಪದ ಸಾಹಿತ್ಯವನ್ನು ಸಂಪುಟಗಳಲ್ಲಿ ಪ್ರಕಟಿಸಿದೆ. ಪಾಠವು ಹೀಗೆ ಅಚ್ಚಿನಲ್ಲಿ ಭದ್ರವಾಗಿದ್ದರೂ ಧಾಟಿಯನ್ನು ಕಲಿಯಬೇಕಾದವರು ಈಗಲೂ ಮೇಳದ ಹಿಮ್ಮೇಳದಲ್ಲಿಯೇ ಕುಳಿತುಕೊಳ್ಳಬೇಕಾಗುತ್ತದೆ.